ಖಾಲಿ ಬಿಟ್ಟ ಮನೆ

ಸೋಮವಾರ ಸಂಜೆ ಶಾಲೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ತಮ್ಮನ ಫೋನ್ ಬಂತು. "ಅಕ್ಕ, ಫೋಟೊ ಕಳ್ಸಿವ್ನಿ ನೋಡು. ಎಲ್‌ಡಿಎಲ್ ಅಂತ ಐತಲ್ಲ, ಆ ಮನೇಲಿ ನಂಬರೇ ಇಲ್ಲ. ಬರೀ ಒಂದು ಗೆರೆ ಎಳ್ದವ್ರೆ. ಅದು ಒಳ್ಳೇದೋ ಕೆಟ್ಟದ್ದೋ?"

ನಾಲ್ಕು ಮಡಿಕೆ ಮಾಡಿದ್ದ ಕಾಗದವನ್ನು ಬೈಕಿನ ಸೀಟಿನ ಮೇಲೆ ಹರಡಿ ಫೋಟೊ ತೆಗೆದಿದ್ದ. ಒಟ್ಟು ಕೊಲೆಸ್ಟ್ರಾಲ್ 228. 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ 33. ಟ್ರೈಗ್ಲಿಸರೈಡ್ 486, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ಮೇಲ್ಮುಖದ ಬಾಣ. ಅದರ ಕೆಳಗೆ, 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಇರಬೇಕಾದ ಮನೆಯಲ್ಲಿ ಒಂದು ಅಡ್ಡಗೆರೆ. ಕಾಗದದ ತಳದಲ್ಲಿ ಸಣ್ಣಗೆ 'ಲೈಪೀಮಿಕ್ ಸೀರಂ' ಎಂಬ ಎರಡು ಪದ. ತಮ್ಮನಿಗೆ ಆಗ 44 ವರ್ಷ. ಮಂಡ್ಯದ ಬಳಿಯ ನಮ್ಮೂರಿನಲ್ಲಿ ಅವ್ವನ ಜೊತೆ ಇದ್ದುಕೊಂಡು ಗದ್ದೆ ನೋಡಿಕೊಳ್ಳುತ್ತಾನೆ. ಅವನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳ್ತೀನಿ ಕಣೋ ಎಂದು ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೈಸ್ಕೂಲಿನಲ್ಲಿ 22 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ, ಕಾಸಿ, ಉಪ್ಪು ಹಾಕಿ, ಮೇಲೆ ತೇಲುವ ಬಿಳಿ ಸಾಬೂನನ್ನು ಮಕ್ಕಳಿಗೆ ಪ್ರತಿವರ್ಷ ತೋರಿಸುತ್ತೇನೆ. ಗ್ಲಿಸರಾಲ್ ಎಂಬ ಗಿಡ್ಡ ಬೆನ್ನೆಲುಬು, ಅದಕ್ಕೆ ಅಂಟಿದ ಕೊಬ್ಬಿನಾಮ್ಲದ ಮೂರು ಉದ್ದನೆಯ ಬಾಲಗಳು. ಕ್ಷಾರ ಬಿದ್ದರೆ ಬಾಲಗಳು ಕಳಚಿ ಸಾಬೂನಾಗುತ್ತವೆ, ಗ್ಲಿಸರಾಲ್ ನೀರಿನಲ್ಲಿ ಉಳಿಯುತ್ತದೆ. ಕೊಬ್ಬಿನ ಈ ಕಟ್ಟಡವನ್ನು ಬಿಡಿಸಿ ನೋಡಿದವನು ಫ್ರಾನ್ಸಿನ ಶೆವ್ರೂಲ್, ಅದರ ಬಗ್ಗೆ 1823ರಲ್ಲೇ ದೊಡ್ಡ ಪುಸ್ತಕ ಬರೆದ. ಆ ಮೂರು ಬಾಲದ ವಸ್ತುವೇ ಟ್ರೈಗ್ಲಿಸರೈಡ್. ಅಡುಗೆಮನೆಯ ಕಡಲೆಕಾಯಿ ಎಣ್ಣೆ ಅದೇ, ತುಪ್ಪವೂ ಬಹುಪಾಲು ಅದೇ, ನಮ್ಮ ಸೊಂಟದ ಸುತ್ತ ಕೂತಿರುವುದೂ ಅದೇ. ಎಣ್ಣೆ ಪ್ಯಾಕೆಟ್ಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ದೊಡ್ಡದಾಗಿ ಬರೆದಿರುತ್ತದಲ್ಲ, ಅದು ನಿಜ. ಗಿಡದಿಂದ ತೆಗೆದ ಎಣ್ಣೆಯಲ್ಲಿ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಆದರೆ ಆ ಪ್ಯಾಕೆಟ್ಟಿನಲ್ಲಿರುವುದು ಹೆಚ್ಚುಕಡಿಮೆ ಪೂರ್ತಿ ಟ್ರೈಗ್ಲಿಸರೈಡೇ. ಕೊಲೆಸ್ಟ್ರಾಲು ಜೀವಕೋಶದ ಪೊರೆ ಕಟ್ಟುವ ಸಾಮಾನು, ಅದನ್ನು ದೇಹ ಉರಿಸುವುದಿಲ್ಲ. ಟ್ರೈಗ್ಲಿಸರೈಡ್ ಉರುವಲು. ಒಂದು ಗ್ರಾಂ ಉರಿದರೆ 9 ಕ್ಯಾಲೊರಿ. ಇಷ್ಟನ್ನೆಲ್ಲ ಕರಿಹಲಗೆಯ ಮೇಲೆ ಬರೆದ ನಾನು, ಅದು ರಕ್ತದಲ್ಲಿ ಹೇಗೆ ಓಡಾಡುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಮರುದಿನದಿಂದ ಓದತೊಡಗಿದೆ. ಮೊದಲು ಸಿಕ್ಕ ಸಂಗತಿ ನನ್ನ ಸಾಬೂನಿನ ಪಾಠಕ್ಕೇ ಹತ್ತಿರದ್ದು. ಲ್ಯಾಬಿನ ಯಂತ್ರ ಕೊಬ್ಬನ್ನು ನೇರವಾಗಿ ಎಣಿಸುವುದಿಲ್ಲ. ಲೈಪೇಸ್ ಎಂಬ ಕಿಣ್ವ ಹಾಕಿ ಮೂರು ಬಾಲಗಳನ್ನೂ ಕತ್ತರಿಸುತ್ತಾರೆ. ಉಳಿದ ಗ್ಲಿಸರಾಲನ್ನು ಇನ್ನೆರಡು ಮೂರು ಕಿಣ್ವಗಳ ಕೈಗೆ ಕೊಡುತ್ತಾರೆ. ಕೊನೆಗೆ ಗುಲಾಬಿ ಬಣ್ಣ ಏಳುತ್ತದೆ. ಬಣ್ಣ ಎಷ್ಟು ಗಾಢವೋ ಟ್ರೈಗ್ಲಿಸರೈಡ್ ಅಷ್ಟು ಹೆಚ್ಚು. ನಾನು ಕ್ಷಾರದಿಂದ ಮಾಡಿಸುವ ಕೆಲಸವನ್ನು ಅವರು ಕಿಣ್ವದಿಂದ ಮಾಡಿಸುತ್ತಾರೆ.

ಆ ಅಡ್ಡಗೆರೆಯ ಅರ್ಥ ತಿಳಿಯಲು ಮಾತ್ರ ಇನ್ನೆರಡು ದಿನ ಹಿಡಿಯಿತು. ಅನೇಕ ಲ್ಯಾಬುಗಳಲ್ಲಿ ಎಲ್‌ಡಿಎಲ್ ಅಳೆದು ಬಂದದ್ದಲ್ಲ, ಕಳೆದು ಬಂದದ್ದು. 1972ರಲ್ಲಿ ಅಮೆರಿಕದ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ಮೂವರು ಒಂದು ಸುಲಭ ಸೂತ್ರ ಕೊಟ್ಟರು. ಅದಕ್ಕೆ ಮುಂಚೆ ಎಲ್‌ಡಿಎಲ್ ತಿಳಿಯಬೇಕೆಂದರೆ ಭಾರಿ ವೇಗದಲ್ಲಿ ತಿರುಗುವ ದುಬಾರಿ ಯಂತ್ರ ಬೇಕಿತ್ತು. ಇವರ ಸೂತ್ರಕ್ಕೆ ಪೆನ್ನು ಕಾಗದ ಸಾಕು. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ ವಿಎಲ್‌ಡಿಎಲ್ ಎಂಬ ಕಣಗಳಲ್ಲಿರುವ ಕೊಲೆಸ್ಟ್ರಾಲಿನ ಅಂದಾಜು ಸಿಗುತ್ತದೆ. ಒಟ್ಟು ಕೊಲೆಸ್ಟ್ರಾಲಿನಿಂದ ಅದನ್ನೂ ಎಚ್‌ಡಿಎಲನ್ನೂ ಕಳೆದರೆ ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಐದನೇ ಒಂದು ಭಾಗದ ಅಂದಾಜು ಕೆಟ್ಟುಹೋಗುತ್ತದೆ, ಸೂತ್ರ ಬಳಸಬೇಡಿ ಎಂದು ಅವರೇ ಹೇಳಿದ್ದರು.

ತಮ್ಮನ ಅಂಕಿಗಳನ್ನು ಹಿಡಿದು ನಾನೇ ಕೂತು ಲೆಕ್ಕ ಹಾಕಿದೆ. 486ರ ಐದನೇ ಒಂದು ಭಾಗ 97. 228ರಲ್ಲಿ 33 ಹೋಯಿತು, 97 ಹೋಯಿತು. ಉಳಿದದ್ದು 98. ನೂರರೊಳಗೆ! ಆ ಸಂಖ್ಯೆಯನ್ನು ಅಚ್ಚು ಹಾಕಿ ಕೊಟ್ಟಿದ್ದರೆ ನನ್ನ ತಮ್ಮ ಕೆಟ್ಟ ಕೊಲೆಸ್ಟ್ರಾಲ್ ಕಡಿಮೆ ಐತೆ ಎಂದು ಖುಷಿಯಾಗಿ ಕಾಗದವನ್ನು ಬೀರುವಿಗೆ ಹಾಕಿಬಿಡುತ್ತಿದ್ದ. ಇಲ್ಲದ ಸಮಾಧಾನವನ್ನು ಕೊಡದೆ ಯಾರೋ ಆ ಮನೆಯನ್ನು ಖಾಲಿ ಬಿಟ್ಟಿದ್ದರು. ಆ ಗೆರೆಗೆ ಕೈ ಮುಗಿಯಬೇಕು ಅನ್ನಿಸಿತು.

ಅದೇ ಲ್ಯಾಬಿನಲ್ಲಿ ರಕ್ತ ತೆಗೆದವರು ಒಂದು ಮಾತು ಕೇಳಬೇಕಿತ್ತು, ಕೇಳಿರಲಿಲ್ಲ. ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಉಂಡೆ, ಏನು ಉಂಡೆ? ಹಿಂದಿನ ದಿನ ಭಾನುವಾರ, ಊರಿನಲ್ಲಿ ಬೀಗರ ಊಟ. ತಮ್ಮ ಬಡಿಸಿ, ಎಲ್ಲರ ಊಟ ಮುಗಿಸಿ, ಕೊನೇ ಪಂಕ್ತಿಯಲ್ಲಿ ಕೂತಾಗ ರಾತ್ರಿ 11. ಮುದ್ದೆ, ಬಾಡಿನ ಸಾರು, ಅನ್ನ. ಅದಕ್ಕೆ ಮುಂಚೆ ಗೆಳೆಯರ ಜೊತೆ ಕುಡಿದದ್ದು ಬೇರೆ. ಬೆಳಿಗ್ಗೆ ಏಳೂವರೆಗೆ ರಕ್ತ ಕೊಟ್ಟಿದ್ದಾನೆ. ಖಾಲಿ ಹೊಟ್ಟೇಲೇ ಕೊಟ್ಟೆ ಅಕ್ಕ, ಕಾಫಿನೂ ಕುಡೀಲಿಲ್ಲ ಎಂದ. ಅವನ ಪ್ರಕಾರ ಅದು ಸುಳ್ಳಲ್ಲ. ಆದರೆ 9ರಿಂದ 12 ಗಂಟೆಯ ಉಪವಾಸ ಅದಲ್ಲ. ಉಪವಾಸವಿಲ್ಲದೆಯೂ ಈ ಪರೀಕ್ಷೆ ಮಾಡಿಸಬಹುದು ಎಂದು ಯೂರೋಪಿನ ತಜ್ಞರು 2016ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಹಾಗೆ ಕೊಟ್ಟಾಗ ಟ್ರೈಗ್ಲಿಸರೈಡ್ 175ರೊಳಗಿರಬೇಕು, ತೀರಾ ಹೆಚ್ಚು ಬಂದರೆ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡಬೇಕು. ಖಾಲಿ ಹೊಟ್ಟೆಯ ಲೆಕ್ಕಕ್ಕೆ 150ರೊಳಗೆ ಸರಿ, 200ರವರೆಗೆ ಅಂಚು, ಅದರ ಮೇಲೆ ಹೆಚ್ಚು, 500 ಮುಟ್ಟಿದರೆ ಅತಿ ಹೆಚ್ಚು.

ಹಾಗಾದರೆ ಎಲ್ಲವೂ ಬೀಗರ ಊಟದ ತಪ್ಪೇ? ಅವ್ವ ಹಾಗೇ ಅಂದಳು, ನನಗೂ ಹಾಗೆ ನಂಬಿಬಿಡುವ ಆಸೆಯಾಯಿತು. ಆದರೆ ಉಂಡ ನಾಲ್ಕು ಗಂಟೆಯ ಹೊತ್ತಿಗೆ ರಕ್ತದಲ್ಲಿ ಕೊಬ್ಬು ಏರುವಷ್ಟು ಏರಿ, ಆಮೇಲೆ ಇಳಿಯಬೇಕು. ಅವನದು ಎಂಟೂವರೆ ಗಂಟೆಗೂ ಇಳಿದಿರಲಿಲ್ಲ. ಸುಗ್ಗಿಯಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಮೈಲುದ್ದ ನಿಲ್ಲುವುದನ್ನು ನೋಡುತ್ತಲೇ ಬೆಳೆದವರು ನಾವು. ಹೊಸದಾಗಿ ಬಂದ ನಾಲ್ಕು ಗಾಡಿಯಿಂದ ಆ ಸಾಲು ಹುಟ್ಟುವುದಿಲ್ಲ. ಮೊದಲೇ ಅಂಗಳ ತುಂಬಿರಬೇಕು. ರಕ್ತನಾಳದ ಗೋಡೆಯಲ್ಲಿ ಕೊಬ್ಬನ್ನು ಇಳಿಸಿಕೊಳ್ಳುವ ಕಿಣ್ವ ಒಂದೇ. ಊಟದಿಂದ ಬಂದ ಕೊಬ್ಬಿಗೂ ಅದೇ ಬಾಗಿಲು, ಈಲಿ ತಯಾರಿಸಿ ಕಳಿಸಿದ ಕೊಬ್ಬಿಗೂ ಅದೇ ಬಾಗಿಲು. ತಮ್ಮನ ಈಲಿಯ ಗಾಡಿಗಳು ಮೊದಲೇ ಸಾಲುಗಟ್ಟಿ ನಿಂತಿದ್ದವು.

ಇದನ್ನು ಕಣ್ಣಾರೆ ಕಂಡದ್ದು ಮಾತ್ರ ಎರಡು ತಿಂಗಳ ನಂತರ, ಎರಡನೇ ಪರೀಕ್ಷೆಗೆ ಅವನ ಜೊತೆ ಹೋದಾಗ. ಈ ಸಲ ಬೇರೆ ಲ್ಯಾಬು. ಹಿಂದಿನ ದಿನಗಳಲ್ಲಿ ಮಾಮೂಲಿ ಊಟ, ಕುಡಿತವಿಲ್ಲ, ರಾತ್ರಿ ಏಳೂವರೆಗೆ ಉಂಡು ಮಲಗಿದ್ದ. ಭಯಕ್ಕೆ ನೀರನ್ನೂ ಕುಡಿಯದೆ ಬಂದಿದ್ದರಿಂದ ನರ ಸಿಗದೆ ಎರಡು ಸಲ ಚುಚ್ಚಬೇಕಾಯಿತು. ಅಲ್ಲಿನ ಟೆಕ್ನಿಷಿಯನ್ ಹುಡುಗಿ, "ನೀರು ಎಷ್ಟು ಬೇಕಾದ್ರೂ ಕುಡೀಬಹುದು ಅಣ್ಣ, ಅದಕ್ಕೆ ಉಪವಾಸ ಇಲ್ಲ" ಎಂದಳು. ನಾನು ಮೇಡಂ ಎಂದು ತಿಳಿದ ಮೇಲೆ ಅವಳಿಗೆ ಉತ್ಸಾಹ ಬಂತು. ಫ್ರಿಜ್ಜಿನಿಂದ ಒಂದು ಕೊಳವೆ ತೆಗೆದು ಬೆಳಕಿಗೆ ಹಿಡಿದಳು. ಯಾರದೋ ಹೆಸರಿನ ಚೀಟಿಯನ್ನು ಬೆರಳಿನಿಂದ ಮುಚ್ಚಿದ್ದಳು.

ಒಳ್ಳೆಯ ಸೀರಂ ಎಂದರೆ ತಿಳಿಯಾದ ಒಣಹುಲ್ಲಿನ ಬಣ್ಣ, ಆಚೆ ಕಡೆ ಹಿಡಿದ ಅಕ್ಷರ ಓದಬಹುದು. ಇದರ ಹಿಂದೆ ಅವಳ ಬೆರಳೂ ಕಾಣುತ್ತಿರಲಿಲ್ಲ. ತಮ್ಮನ ಮೊದಲ ಕಾಗದದ ತಳದಲ್ಲಿದ್ದ 'ಲೈಪೀಮಿಕ್ ಸೀರಂ' ಎಂದರೆ ಹೀಗೆ ಕೊಬ್ಬಿನಿಂದ ಮಬ್ಬಾದದ್ದು. ಇಡೀ ರಾತ್ರಿ ಅಲುಗಾಡದೆ ತಣ್ಣಗೆ ಇದ್ದ ಕೊಳವೆಯಲ್ಲಿ ಎರಡು ಪದರ. ಮೇಲೆ ಬೆರಳಗಲಕ್ಕೂ ಕಡಿಮೆ, ಬೆಳ್ಳನೆಯ ದಪ್ಪ ಕೆನೆ. ಅದು ಆಗಷ್ಟೇ ಉಂಡ ಕೊಬ್ಬು. ಕರುಳಿನಿಂದ ಬರುವ ಆ ಕಣಗಳು ದೊಡ್ಡವು, ಹಗುರ, ಅದಕ್ಕೇ ತೇಲಿ ಮೇಲೆ ಬರುತ್ತವೆ. ಕೆನೆಯ ಕೆಳಗೆ ಗಂಜಿಯ ತಿಳಿಯಂಥ ಬೂದುಬಿಳಿ ಮಬ್ಬು. ಅದು ಈಲಿ ಮಾಡಿ ಕಳಿಸಿದ್ದು. ಆ ಕಣಗಳು ಸಣ್ಣವು, ತೇಲುವುದಿಲ್ಲ, ಒಳಗೇ ಹರಡಿಕೊಂಡಿರುತ್ತವೆ. "ಕೆನೆ ಬರೀ ಊಟದ್ದು ಮೇಡಂ, ಹೋಗ್ಬಿಡುತ್ತೆ. ಕೆಳಗಿನ ಮಬ್ಬು ನೋಡಿ, ಅದು ದಿನಾ ಇರೋದು" ಎಂದಳು. ಎಷ್ಟು ಚೆನ್ನಾಗಿ ಹೇಳಿದಳು ಹುಡುಗಿ! ನನ್ನ ಪಕ್ಕದಲ್ಲಿ ನಿಂತಿದ್ದ ತಮ್ಮ ಹತ್ತಿಯನ್ನು ಮೊಣಕೈಗೆ ಒತ್ತಿಕೊಂಡು ಆ ಕೊಳವೆಯನ್ನೇ ನೋಡುತ್ತಿದ್ದ. ಇಪ್ಪತ್ತು ಸಲ ಬುದ್ಧಿ ಹೇಳಿದರೂ ಆಗದ್ದು ಆ ಒಂದು ನೋಟದಲ್ಲಿ ಅವನಿಗೆ ಆಯಿತು ಎಂದು ನನ್ನ ನಂಬಿಕೆ.

ಈಲಿ ಆ ಕೊಬ್ಬನ್ನು ಎಲ್ಲಿಂದ ತರುತ್ತದೆ? ಎಲ್ಲರೂ ತುಪ್ಪ, ಕರಿದದ್ದು, ಬಾಡು ಎನ್ನುತ್ತಾರೆ. ನಿಜವಾದ ಉತ್ತರ ನಮ್ಮ ಮನೆಗೆ ಕಹಿಯಾದದ್ದು. ಮೈಗೆ ಬೇಕಾದ್ದಕ್ಕಿಂತ ಹೆಚ್ಚಾಗಿ ತಿಂದ ಅನ್ನ, ಸಕ್ಕರೆ, ಕುಡಿದ ಹೆಂಡ, ಇವನ್ನು ಈಲಿ ಕೊಬ್ಬಾಗಿ ಕಟ್ಟುತ್ತದೆ. ಬೆಲ್ಲವನ್ನೂ. ಬೆಲ್ಲದ ಬಹುಪಾಲು ಸುಕ್ರೋಸೇ. ಸುಕ್ರೋಸಿನ ಅರ್ಧ ಫ್ರಕ್ಟೋಸ್, ಅದು ಹೆಚ್ಚಾದರೆ ಈಲಿಯಲ್ಲಿ ಬೇಗ ಕೊಬ್ಬಾಗುತ್ತದೆ. ನಮ್ಮದು ಆಲೆಮನೆಯ ಮನೆತನ. ಅಪ್ಪ ಕೊಪ್ಪರಿಗೆಯ ಮುಂದೆ ನಿಂತು ಮಡ್ಡಿ ತೆಗೆಯುತ್ತ, ಪಾಕದ ಹದವನ್ನು ನೀರಿಗೆ ಬಿಟ್ಟು ಬೆರಳಲ್ಲಿ ನೋಡುತ್ತಿದ್ದದ್ದು ಇವತ್ತಿಗೂ ಕಣ್ಣಿನಲ್ಲಿದೆ. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಸುರಿದು ಕೊಡುವುದು ಅವರ ಪ್ರೀತಿ. ಸಕ್ಕರೆ ಬಿಡಿ, ಬೆಲ್ಲ ತಿನ್ನಿ, ಬೆಲ್ಲ ಒಳ್ಳೇದು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆ ಬೆಲ್ಲದ ದುಡ್ಡಿನಲ್ಲೇ ಓದಿದ ನಾನು ಅದೂ ಈಲಿಗೆ ಸಕ್ಕರೆಯೇ ಎಂದು ತಮ್ಮನಿಗೆ ಹೇಳಬೇಕಾಯಿತು. ಹೇಳುವಾಗ ಗಂಟಲು ಕಟ್ಟಿತು.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಅಧ್ಯಯನದ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರ ರಕ್ತ ನೋಡಿದ್ದರು. 2014ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಟ್ರೈಗ್ಲಿಸರೈಡ್ ಹೆಚ್ಚು, 72 ಜನರಿಗೆ ಎಚ್‌ಡಿಎಲ್ ಕಡಿಮೆ. ತಮ್ಮನ ಕಾಗದದಲ್ಲಿದ್ದ ಜೋಡಿಯೂ ಇದೇ. ತಟ್ಟೆಯ ತುಂಬ ಅನ್ನ ಉಣ್ಣುವ, ಮೊದಲಿನಷ್ಟು ಬೆವರು ಸುರಿಸದ ನಮ್ಮಂಥವರ ರಕ್ತದ ಚಹರೆ ಅದು.

ಮೊದಲ ರಿಪೋರ್ಟ್ ಹಿಡಿದು ಹೋದಾಗ ತಾಲ್ಲೂಕಿನ ಡಾಕ್ಟರಮ್ಮ ಮಾತ್ರೆ ಬರೆಯುವ ಮೊದಲು ಟೇಪು ತೆಗೆದುಕೊಂಡರು. ಸೊಂಟ 102 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90ರೊಳಗಿರಬೇಕು ಎಂದರು. ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಎಲ್ಲ ನೋಡಿಸಿದರು, ಅವು ಕೆಟ್ಟರೂ ಟ್ರೈಗ್ಲಿಸರೈಡ್ ಏರುತ್ತದಂತೆ. ಥೈರಾಯ್ಡ್ ಸರಿಯಿತ್ತು, ಸಕ್ಕರೆ ಗಡಿಯಲ್ಲಿತ್ತು, ಸ್ಕ್ಯಾನಿನಲ್ಲಿ ಈಲಿಗೆ ಕೊಬ್ಬು ಹತ್ತಿತ್ತು. 500 ದಾಟಿ ಸಾವಿರದ ಕಡೆ ಹೋದರೆ ಹೃದಯಕ್ಕಿಂತ ಮೊದಲು ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಭಯ, ನೀವು ಆ ಹೊಸಿಲಲ್ಲೇ ನಿಂತಿದ್ದೀರಿ, ಕುಡಿತ ಇವತ್ತೇ ನಿಲ್ಲಬೇಕು ಎಂದು ಮುಖ ನೋಡಿ ಹೇಳಿದರು. ತೂಕ ನೂರಕ್ಕೆ ಐದು ಹತ್ತು ಇಳಿದರೂ ಈ ಅಂಕಿ ಚೆನ್ನಾಗಿ ಇಳಿಯುತ್ತದೆ ಎಂದರು. ಆಮೇಲೆ ಕೇಳಿದರು: ತಂದೆ ಇದ್ದಾರಾ?

ಇಲ್ಲ. ಅಪ್ಪ ಹೋದಾಗ ಅವರಿಗೆ 52. ಆಲೆಮನೆಯ ಹಿಂದೆ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿ ಕೂತವರು ಏಳಲಿಲ್ಲ. ಎದೆನೋವು ಅಂತಿದ್ದರು ಎಂದು ಅವ್ವ ಆಮೇಲೆ ಹೇಳಿದಳು. ಅವರ ರಕ್ತವನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಡಾಕ್ಟರಮ್ಮ ಚೀಟಿಯಲ್ಲಿ 52 ಎಂದು ಬರೆದು ಅಡಿಗೆರೆ ಎಳೆದರು. ತಂದೆಗೆ 55ರೊಳಗೆ ಹೃದಯ ಕೈಕೊಟ್ಟಿದ್ದರೆ ಮಗನ ಲೆಕ್ಕವೇ ಬೇರೆ ಎಂದರು. ತಮ್ಮ ತಲೆ ತಗ್ಗಿಸಿ ಕೂತಿದ್ದ. ಅಪ್ಪನ ವಯಸ್ಸಿಗೆ ಅವನಿಗೆ ಇನ್ನು ಎಂಟೇ ವರ್ಷ ಎಂಬುದು ಆ ಕೋಣೆಯಲ್ಲಿ ನನಗೂ ಮೊದಲ ಸಲ ಹೊಳೆಯಿತು.

ಎರಡನೇ ರಿಪೋರ್ಟ್ ಸಂಜೆ ಬಂತು. ಟ್ರೈಗ್ಲಿಸರೈಡ್ 260. ಒಟ್ಟು 214, ಎಚ್‌ಡಿಎಲ್ 34. ಎಲ್‌ಡಿಎಲ್ ಮನೆಯಲ್ಲಿ ಈ ಸಲ ಅಂಕಿ ಇತ್ತು: 128. ತಮ್ಮನ ಮುಖ ಸಣ್ಣದಾಯಿತು. ಹೋದ ಸಲ ಇಲ್ಲದ್ದು ಈಗ ಬಂದಂತೆ ಅವನಿಗೆ ಕಂಡಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಐದರ ಭಾಗಾಕಾರ ಹೇಳಿಕೊಟ್ಟೆ. ಅವನೇ ಕಳೆದು ನೋಡಿದ. ಮಾತ್ರೆಯ ವಿಷಯ ಮುಂದಿನ ವಾರ ಡಾಕ್ಟರಮ್ಮನ ಹತ್ತಿರ ಮಾತಾಡುವುದು, ಮೂರು ತಿಂಗಳಿಗೆ ಮತ್ತೊಮ್ಮೆ ರಕ್ತ ಕೊಡುವುದು ಎಂದಾಯಿತು.

ಮೊನ್ನೆ ಆ ಮೂರು ತಿಂಗಳು ತುಂಬಿತು. ಸಂಜೆ ಆರೂವರೆಗೆ ಫೋನ್ ಮಾಡಿದೆ. ಎತ್ತಿದ್ದು ಅವ್ವ. "ಅವ್ನು ಗದ್ದೆ ತಾವಿಂದ ನಡ್ಕಂಡು ಬತ್ತಾವ್ನೆ ಕಣವ್ವ, ಬೈಕು ಇಲ್ಲೇ ನಿಂತೈತೆ. ನಾನು ಮುದ್ದೆ ತೊಳಸ್ತಾ ಇವ್ನಿ, ಏಳ್ ಗಂಟೆ ಒಳ್ಗೆ ಉಣ್ಣಾಕಿಕ್ಕಿ ಮುಗುಸ್ಬೇಕು" ಎಂದಳು. ಹಿಂದಿನಿಂದ ಸೊಪ್ಪಿನ ಸಾರಿನ ಒಗ್ಗರಣೆಯ ಸದ್ದು ಕೇಳುತ್ತಿತ್ತು. "ನೀರು ಕುಡೀಬೌದು ಅಲ್ವಾ ಬೆಳಿಗ್ಗೆ?" ಎಂದು ಇನ್ನೊಮ್ಮೆ ಕೇಳಿದಳು. ಕುಡೀಬಹುದವ್ವ ಎಂದೆ.