ಎವೆಯಿಕ್ಕದ ಕಣ್ಣು

ಕಳೆದ ವರ್ಷ ನಮ್ಮ ತಾಯಿಯವರಿಗೆ ಶ್ರವಣನರದ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಅದು ಕ್ಯಾನ್ಸರ್ ಅಲ್ಲದ ಗೆಡ್ಡೆ. ಆದರೆ ಅದರ ಪಕ್ಕದಲ್ಲಿಯೇ ಸಾಗುವ ಮುಖನರಕ್ಕೆ ಪೆಟ್ಟು ತಗುಲಿ, ಮುಖದ ಬಲಭಾಗ ಜೋತುಬಿದ್ದಿತು. ಸೊಟ್ಟಗಾದ ಬಾಯಿಯನ್ನು ಕಂಡು ನಾವು ಕಳವಳಪಟ್ಟೆವು. ವೈದ್ಯರು ಮೊದಲು ನೋಡಿದ್ದು ಮುಚ್ಚದ ಕಣ್ಣನ್ನು.

ರೆಪ್ಪೆಯನ್ನು ಎತ್ತುವ ಸ್ನಾಯುವಿಗೂ ಮುಚ್ಚುವ ಸ್ನಾಯುವಿಗೂ ಬೇರೆ ಬೇರೆ ನರಗಳಿವೆ. ಮುಖನರ ಸೋತಾಗ ಕಣ್ಣು ತೆರೆಯುತ್ತದೆ, ಆದರೆ ಮುಚ್ಚುವುದಿಲ್ಲ. ಎವೆಯಿಕ್ಕಿದಾಗಲೆಲ್ಲ ಕಣ್ಣೀರಿನ ತೆಳುಪದರವು ಕಾರ್ನಿಯಾದ ಮೇಲೆ ಹರಡುತ್ತದೆ. ಅದು ನಿಂತರೆ ಕಾರ್ನಿಯಾ ಒಣಗಿ, ಹುಣ್ಣಾಗಿ, ದೃಷ್ಟಿಗೇ ಕುತ್ತು ಬರಬಹುದು. ನಮ್ಮ ಪುರಾಣಗಳಲ್ಲಿ ದೇವತೆಗಳು ಅನಿಮಿಷರು, ಎಂದರೆ ಎವೆಯಿಕ್ಕದವರು. "ನನಗೆ ಅರ್ಧ ದೇವತ್ವ ಬಂತು" ಎಂದು ತಾಯಿಯವರು ನಕ್ಕರು. ನಮಗೆ ನಗು ಬರಲಿಲ್ಲ.

ಆರಂಭದ ಆರೈಕೆ ಸರಳವಾದುದು: ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿ, ಹೊರಗೆ ಗಾಳಿ ತಡೆಯುವ ಕನ್ನಡಕ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಮುಚ್ಚಿ ಟೇಪು. ಇಲ್ಲಿಯೇ ನಾವು ತಪ್ಪಿದೆವು. ಒಂದು ರಾತ್ರಿ ಟೇಪಿನ ಬದಲು ಹತ್ತಿಯ ಪಟ್ಟಿ ಕಟ್ಟಿದೆವು. ಅದರ ಅಡಿಯಲ್ಲಿ ರೆಪ್ಪೆ ತೆರೆದುಕೊಂಡು, ಹತ್ತಿ ಕಾರ್ನಿಯಾವನ್ನು ಉಜ್ಜಿ, ಬೆಳಗಿನ ಹೊತ್ತಿಗೆ ಕಣ್ಣು ಕೆಂಪಾಗಿ ನೋಯತೊಡಗಿತು. ಗೀರು ಮಾಯಿತು, ಪಾಠ ಉಳಿಯಿತು. ಕಣ್ಣು ಪೂರ್ಣವಾಗಿ ಮುಚ್ಚಿದೆಯೆಂದು ಖಚಿತವಾಗದೆ ಅದರ ಮೇಲೆ ಏನನ್ನೂ ಕಟ್ಟಬಾರದು.

ತಿಂಗಳುಗಳು ಕಳೆದರೂ ರೆಪ್ಪೆ ಚೇತರಿಸಲಿಲ್ಲ. ವೈದ್ಯರು ಮುಂದಿನ ದಾರಿಗಳನ್ನು ವಿವರಿಸಿದರು. ಮೇಲ್ರೆಪ್ಪೆಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚಿ ಅದನ್ನು ತಾತ್ಕಾಲಿಕವಾಗಿ ಇಳಿಬಿಡಬಹುದು. ಆದರೆ ಅಷ್ಟು ಕಾಲ ಆ ಕಣ್ಣಿಗೆ ನೋಟ ಮರೆಯಾಗುತ್ತದೆ. ಕಣ್ಣಿನ ಹೊರಮೂಲೆಯಲ್ಲಿ ಎರಡೂ ರೆಪ್ಪೆಗಳನ್ನು ಹೊಲಿಯಬಹುದು; ಇದು ಬಲವಾದ ರಕ್ಷಣೆ, ಆದರೆ ಕಣ್ಣು ಕಿರಿದಾಗುತ್ತದೆ. ಸಡಿಲಗೊಂಡ ಕೆಳರೆಪ್ಪೆಯನ್ನು ಬಿಗಿಗೊಳಿಸಬಹುದು. ಮೇಲ್ರೆಪ್ಪೆಯೊಳಗೆ ಸುಮಾರು 1 ಗ್ರಾಂ ತೂಕದ ಚಿನ್ನದ ಅಥವಾ ಪ್ಲಾಟಿನಂನ ತೆಳುಬಿಲ್ಲೆಯನ್ನು ಇಡಬಹುದು. ಎತ್ತುವ ಸ್ನಾಯು ಸಡಿಲಿಸಿದೊಡನೆ ಆ ಭಾರಕ್ಕೆ ರೆಪ್ಪೆ ತಾನಾಗಿ ಇಳಿಯುತ್ತದೆ. ನರ ಚೇತರಿಸಿದರೆ ಬಿಲ್ಲೆಯನ್ನು ತೆಗೆಯಲೂಬಹುದು.

ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆಂದು ತಾಯಿಯವರು ಹಟ ಹಿಡಿದರು. ಹೊಲಿಗೆಯೆಂದರಂತೂ ಮುಖ ತಿರುಗಿಸಿದರು. ಅವರ ಮನಸ್ಸನ್ನು ಬದಲಿಸಿದ್ದು ನಮ್ಮ ಮಾತಲ್ಲ, ಪರೀಕ್ಷೆಯ ಬಿಲ್ಲೆ. ವೈದ್ಯರು ಬೇರೆ ಬೇರೆ ತೂಕದ ಬಿಲ್ಲೆಗಳನ್ನು ರೆಪ್ಪೆಯ ಹೊರಗೆ ಅಂಟಿಸಿ ನೋಡಿದರು. ಒಂದರ ಭಾರಕ್ಕೆ, ಎಷ್ಟೋ ತಿಂಗಳ ಬಳಿಕ, ಎರಡು ಕಣ್ಣುಗಳೂ ಒಟ್ಟಿಗೆ ಮುಚ್ಚಿದವು. ಅವರು ಬಹಳ ಹೊತ್ತು ಕಣ್ಣು ತೆರೆಯಲೇ ಇಲ್ಲ. ಆಮೇಲೆ, "ಚಿನ್ನದ್ದೇ ಇಡಲಿ" ಎಂದರು.

ನಗು ಇಂದಿಗೂ ಸೊಟ್ಟಗೇ ಇದೆ. ಆದರೂ ಮುಖ ತೋರಿಸಲು ಸಂಕೋಚಪಟ್ಟು ಯುಗಾದಿಗೆ ಬಾರದಿದ್ದವರು ಈ ಬಾರಿಯ ರಾಜ್ಯೋತ್ಸವಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಬಿಲ್ಲೆ ಭೂಮಿಯ ಸೆಳೆತವನ್ನು ನಂಬಿದೆಯಾದ್ದರಿಂದ ಅಂಗಾತ ಮಲಗಿದಾಗ ಕೆಲಸ ಮಾಡದು. ರಾತ್ರಿಯ ಮುಲಾಮು ತಪ್ಪಿಲ್ಲ. ಹೀಟರಿನ ಒಣಗಾಳಿಯ ಚಳಿಗಾಲದಲ್ಲಿ ಅದು ಇನ್ನೂ ಅಗತ್ಯ. ಬಾಲ್ಯದಲ್ಲಿ ನಮ್ಮ ಕಣ್ಣಿಗೆ ಕಾಡಿಗೆ ತೀಡಿದವರಿಗೆ ಈಗ ನಾವು ಸರದಿಯಂತೆ ಮುಲಾಮು ಹಚ್ಚುತ್ತೇವೆ.

ಸದಸ್ಯ ಕುಟುಂಬಗಳಲ್ಲಿ ಒಂದು ವಿನಂತಿ. ಯಾರದೇ ಮುಖ ಹಠಾತ್ತನೆ ಸೊಟ್ಟಗಾದರೆ, ಅದು ಮೆದುಳಿನ ಆಘಾತವಿರಬಹುದೆಂದೇ ಭಾವಿಸಿ ತಕ್ಷಣ ತುರ್ತು ಸೇವೆಗೆ ಕರೆ ಮಾಡಿ. ಬೆಲ್ಸ್ ಪಾಲ್ಸಿ ಎಂದು ತಿಳಿದುಬಂದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. 72 ಗಂಟೆಗಳೊಳಗೆ ಆರಂಭಿಸಿದ ಸ್ಟೀರಾಯ್ಡ್ ಅದಕ್ಕೆ ನೆರವಾಗುತ್ತದೆ. ಕಾರಣ ಯಾವುದೇ ಇರಲಿ, "ಕಣ್ಣು ಪೂರ್ತಿ ಮುಚ್ಚುತ್ತಿದೆಯೇ?" ಎಂದು ಮೊದಲ ದಿನವೇ ಕೇಳಿ. ಬಾಯಿ ಸರಿಹೋಗಲು ಕಾಯಬಹುದು, ಕಣ್ಣು ಕಾಯದು.