ಹಳೆಯ ಗಾಳಿಕೊಡೆಯ ವ್ಯಾಪಾರ

ಪರದೇಶದಲ್ಲಿರುವ ಮಕ್ಕಳಿಂದ ಬರತಕ್ಕ ವರ್ತಮಾನಗಳಲ್ಲಿ ಸಂತೋಷದವೂ ಉಂಟು, ಕಳವಳದವೂ ಉಂಟು. ಎರಡೂ ಒಂದೇ ಮಾತಿನಲ್ಲಿ ಕೂಡಿ ಬಂದದ್ದು ನಮಗೆ ೨೦೨೪ನೆಯ ಇಸವಿಯ ಬೇಸಗೆಯಲ್ಲಿ. ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ಒಂದು ಭಾನುವಾರ ಫೋನಿನಲ್ಲಿ, "ಅಪ್ಪಾ, ನನ್ನದೇ ಆದ ಒಂದು ಪ್ಯಾರಾಚೂಟು ಕೊಳ್ಳಬೇಕೆಂದಿದ್ದೇನೆ. ಅಮೆರಿಕದಲ್ಲಿ ಹಳೆಯದೊಂದು ಅಗ್ಗವಾಗಿ ಸಿಕ್ಕುವ ಹಾಗಿದೆ" ಎಂದಳು. ಅವಳು ವಿಮಾನದಿಂದ ಧುಮುಕುವ ವಿದ್ಯೆಯನ್ನು ಅಭ್ಯಾಸಮಾಡುತ್ತಿರುವ ಸಂಗತಿ ನಮಗೆ ಆರು ತಿಂಗಳಿಂದ ತಿಳಿದಿತ್ತು. ಅವಳ ತಾಯಿಗೆ ಮಾತ್ರ ತಿಳಿದಿರಲಿಲ್ಲ. ಸಮಯ ನೋಡಿ ಹೇಳೋಣವೆಂದು ನಾವು ಮುಂದೂಡುತ್ತ ಬಂದಿದ್ದೆವು. ಆ ಸಮಯವನ್ನು ಮಗಳೇ ಒದಗಿಸಿಕೊಟ್ಟಳು.

ಅಡಿಗೆಮನೆಯಿಂದ ಬಂದ ನಮ್ಮ ಮನೆಯಾಕೆ ಹಾರುವುದರ ವಿಷಯವಾಗಿ ಹೆಚ್ಚು ಮಾತನಾಡಲಿಲ್ಲ. ಅದಕ್ಕೆ ನಮ್ಮನ್ನು ವಿಚಾರಿಸಿಕೊಳ್ಳಲು ರಾತ್ರಿಯೆಲ್ಲ ಇತ್ತಷ್ಟೆ. ಆಕೆ ಹಿಡಿದದ್ದು ಒಂದೇ ಶಬ್ದವನ್ನು: "ಹಳೆಯದೆ? ಮಂಚ ಹಳೆಯದು ತಂದೇವು, ಕೊಳಗ ಹಳೆಯದು ತಂದೇವು. ಪ್ರಾಣಕ್ಕೆ ಆಧಾರವಾದ ಬಟ್ಟೆಯನ್ನು ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ತರುವುದೆ?"

ಮಗಳ ಉತ್ತರ ಲೆಕ್ಕದ್ದಾಗಿತ್ತು. ಹೊಸದಾದ ಪೂರ್ಣ ಸಜ್ಜು ಎಂಟು ಹತ್ತು ಸಾವಿರ ಡಾಲರು ಬೀಳುತ್ತದೆ. ಮೈಗೆ ಅಳತೆ ಕೊಟ್ಟು ಹೊಲಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಆದಕಾರಣ ಹೊಸದಾಗಿ ಕಲಿತವರಲ್ಲಿ ಬಹುಮಂದಿ ಮೊದಲ ಸಜ್ಜನ್ನು ಹಳೆಯದೇ ಕೊಳ್ಳುತ್ತಾರೆ. ಇದು ಆ ವಿದ್ಯೆಯವರಲ್ಲಿ ಹೀನವಾದ ವಿಷಯವಲ್ಲ.

ವಾಚಕರ ತಿಳಿವಳಿಕೆಗಾಗಿ ಎರಡು ಮಾತು ಹೇಳಬೇಕು. ಸಜ್ಜು ಎಂಬುದು ನಾಲ್ಕು ವಸ್ತುಗಳ ಕೂಟ. ಮೈಗೆ ಬಿಗಿಯುವ ಪಟ್ಟಿಗಳೊಡಗೂಡಿದ ಬೆನ್ನುಚೀಲ ಒಂದು. ಪ್ರತಿಸಲವೂ ಬಿಚ್ಚುವ ಮುಖ್ಯ ಕೊಡೆ ಒಂದು. ಅದು ಕೈಕೊಟ್ಟರೆ ಬಿಚ್ಚತಕ್ಕ ಆಪತ್ತಿನ ಕೊಡೆ ಒಂದು. ನಾಲ್ಕನೆಯದು ಒಂದು ಪುಟ್ಟ ಯಂತ್ರ. ಹಾರಿದವರು ಮೂರ್ಛೆ ಹೋಗಿಯೋ ಮೈಮರೆತೋ ಬೀಳುತ್ತಲೇ ಇದ್ದರೆ, ಈ ಯಂತ್ರ ಗಾಳಿಯ ಒತ್ತಡದಿಂದ ಎತ್ತರವನ್ನು ಅಳೆದು, ನೆಲ ಸುಮಾರು ೨೨೫ ಮೀಟರು ಉಳಿದಿರುವಾಗಲೂ ಸೆಕೆಂಡಿಗೆ ೩೫ ಮೀಟರನ್ನು ಮೀರಿದ ವೇಗವಿದ್ದರೆ, ಆಪತ್ತಿನ ಕೊಡೆಯನ್ನು ಮುಚ್ಚಿ ಹಿಡಿದ ಕುಣಿಕೆಯನ್ನು ತಾನಾಗಿ ಕತ್ತರಿಸಿಬಿಡುತ್ತದೆ. ಇಂಥವುಗಳಲ್ಲಿ ಪ್ರಸಿದ್ಧವಾದ ಸೈಪ್ರೆಸ್ ಎಂಬುದು ೧೯೯೧ರಲ್ಲಿ ಜರ್ಮನಿಯಿಂದ ಹೊರಟದ್ದು. ಜಾತಕವನ್ನು ಬರೆಯಿಸಿಕೊಂಡೇ ಹುಟ್ಟಿದ ಯಂತ್ರವಿದು: ತಯಾರಾದ ತಿಂಗಳಿಂದ ಎಣಿಸಿ, ಸೈಪ್ರೆಸಿನ ಎರಡನೆಯ ಮಾದರಿಯಲ್ಲಿ ಹಿಂದಿನವಕ್ಕೆ ಹನ್ನೆರಡೂವರೆ ವರ್ಷ, ೨೦೧೬ರಿಂದ ಈಚಿನವಕ್ಕೆ ಹದಿನೈದೂವರೆ ವರ್ಷ ಆಯುಸ್ಸು. ಅವಧಿ ತೀರಿದ ದಿನ, ಎಷ್ಟು ಚೆನ್ನಾಗಿ ಕಂಡರೂ ಅದು ನಿರುಪಯೋಗ. ಮಾರುವವನು "ಹೊಸದರಂತೆ ಇದೆ" ಎಂದರೆ ಸಾಲದು, ಹುಟ್ಟಿದ ತಿಂಗಳನ್ನು ಕೇಳಬೇಕು.

ಮೊದಲು ಸಿಕ್ಕಿದ ಮಾರಾಟಗಾರನ ವಿಷಯವನ್ನು ಬೇಗ ಮುಗಿಸುತ್ತೇವೆ. ಬೆಲೆ ಪೇಟೆಯ ಬೆಲೆಯ ಮೂರನೆಯ ಒಂದು ಪಾಲು, ಚಿತ್ರಗಳು ಮನೋಹರ, ಮಾತು ಬೆಣ್ಣೆ. ಹಣವನ್ನು ಮಾತ್ರ ಸ್ನೇಹಿತರಿಗೆ ಕಳುಹಿಸುವ ಬಾಬಿನಲ್ಲಿ ಅಂದೇ ಕಳುಹಿಸಬೇಕು. ಹಾಗೆ ಕಳುಹಿಸಿದ ಹಣಕ್ಕೆ ಮಧ್ಯದ ಸಂಸ್ಥೆಯ ರಕ್ಷಣೆ ಇರುವುದಿಲ್ಲವೆಂಬುದನ್ನು ಮಗಳು ಬಲ್ಲಳು. ಒಂದು ಕಾಗದದ ಮೇಲೆ ತನ್ನ ಹೆಸರನ್ನೂ ಅಂದಿನ ತಾರೀಖನ್ನೂ ಬರೆದು, ಅದನ್ನು ಕೊಡೆಯ ಕ್ರಮಸಂಖ್ಯೆಯ ಪಕ್ಕದಲ್ಲಿಟ್ಟು ಚಿತ್ರ ತೆಗೆದು ಕಳುಹಿಸಬೇಕೆಂದು ಕೇಳಿದಳು. ಅವನಿಗೆ ಆ ಹೊತ್ತಿಗೇ ಪ್ರಯಾಣ ಬಂತು, ಆಮೇಲೆ ಜ್ವರ ಬಂತು, ಕೊನೆಗೆ ಕೋಪ ಬಂತು. ಚಿತ್ರ ಬರಲಿಲ್ಲ.

ಎರಡನೆಯವನು ಫ್ಲಾರಿಡಾ ಪ್ರಾಂತದವನು, ಸಭ್ಯ. ಕೇಳಿದ ಚಿತ್ರವನ್ನು ಗಂಟೆಯೊಳಗೆ ಕಳುಹಿಸಿದನು. ಅವನಲ್ಲಿ ಎರಡು ಮುಖ್ಯ ಕೊಡೆಗಳಿದ್ದುವು, ಒಂದು ೧೨೦ ಚದರ ಅಡಿಯದು, ಇನ್ನೊಂದು ೧೫೦ರದು. ಚಿಕ್ಕದು ಹೆಚ್ಚು ಹೊಸದು, ಬಣ್ಣವೂ ಸೊಗಸು. ಅವಳ ಮನಸ್ಸು ಅದರ ಕಡೆಗೆ ವಾಲಿತು. ಇಲ್ಲಿ ತೂಕದ ಲೆಕ್ಕವೊಂದಿದೆ. ಅವಳು ೫೪ ಕಿಲೋ, ಸಜ್ಜು ಹತ್ತು. ಕೂಡಿದರೆ ಸುಮಾರು ೧೪೧ ಪೌಂಡು. ಅದನ್ನು ಕೊಡೆಯ ವಿಸ್ತೀರ್ಣದಿಂದ ಭಾಗಿಸಿದರೆ ೧೫೦ಕ್ಕೆ ೦.೯೪, ೧೨೦ಕ್ಕೆ ೧.೧೮ ಬರುತ್ತದೆ. ಸಂಖ್ಯೆ ಏರಿದಷ್ಟೂ ಕೊಡೆ ಚುರುಕು, ನೆಲಕ್ಕೆ ಬರುವ ವೇಗವೂ ಹೆಚ್ಚು, ತಪ್ಪಿಗೆ ಕ್ಷಮೆ ಕಡಿಮೆ. ಅರುವತ್ತು ಸಲ ಹಾರಿದವಳಿಗೆ ಒಂದಕ್ಕಿಂತ ಕಡಿಮೆಯೇ ತಕ್ಕದ್ದೆಂದು ಅವಳ ಶಿಕ್ಷಕರು ಖಂಡಿತವಾಗಿ ಹೇಳಿದರು. ಅಗ್ಗವೆಂದು ಸಿಕ್ಕಿದ ಅಳತೆಯನ್ನು ಕೊಂಡು ಮೈಯನ್ನು ಅದಕ್ಕೆ ಹೊಂದಿಸುವುದಕ್ಕೆ ಇದೇನು ರವಿಕೆಯಲ್ಲವಲ್ಲ. ೧೫೦ರದೇ ಆಯಿತು.

ಇಷ್ಟರ ತರುವಾಯ ನಾವು ವ್ಯವಹಾರದಲ್ಲಿ ಪ್ರವೇಶಿಸಿದೆವು. ಬೆಂಗಳೂರಿನ ಬ್ಯಾಂಕೊಂದರ ವಿದೇಶೀ ವಿನಿಮಯದ ಶಾಖೆಯಲ್ಲಿ ನಾವು ಇಪ್ಪತ್ತೆಂಟು ವರ್ಷ ಲೆಟರ್ ಆಫ್ ಕ್ರೆಡಿಟ್ಟುಗಳನ್ನು ತಿದ್ದಿ ಕಳೆದವರು. ಆ ಕೆಲಸದ ನಿಯಮಾವಳಿ ೧೯೩೩ರಲ್ಲಿ ಮೊದಲು ಅಚ್ಚಾದದ್ದು, ಈಗ ನಡೆಯುವುದು ೨೦೦೭ರದು. ಅದರ ಸಾರ ಏನೆಂದರೆ, ಬ್ಯಾಂಕು ನೋಡತಕ್ಕದ್ದು ಕಾಗದಗಳನ್ನೇ ಹೊರತು ಸರಕನ್ನಲ್ಲ. ಒಮ್ಮೆ ಒಬ್ಬ ಸಣ್ಣ ಕಾರ್ಖಾನೆಯವರು ಪರದೇಶದಿಂದ ಹಳೆಯ ಮಗ್ಗದ ಯಂತ್ರವೊಂದನ್ನು ತರಿಸಿದರು. ಕಾಗದಗಳು ಅಕ್ಷರ ತಪ್ಪಿಲ್ಲದೆ ಬಂದುವು. ನಾವು ಹಣ ಸಲ್ಲಿಸಿದೆವು. ಪೆಟ್ಟಿಗೆ ಒಡೆದರೆ ಒಳಗೆ ತುಕ್ಕು. ಆ ಮನುಷ್ಯ ನಮ್ಮ ಮೇಜಿನ ಎದುರಿಗೆ ಕುಳಿತು, "ಸ್ವಾಮಿ, ನೀವು ತಪ್ಪು ಮಾಡಲಿಲ್ಲ, ಅದೇ ನನ್ನ ಸಂಕಟ" ಎಂದರು. ಹಡಗಿಗೆ ಏರಿಸುವ ಮುಂಚೆ ತಜ್ಞರಿಂದ ಪರೀಕ್ಷೆ ಮಾಡಿಸುವ ಅಲ್ಪ ಖರ್ಚನ್ನು ಅವರು ಉಳಿಸಿಕೊಂಡಿದ್ದರು.

ಮಗಳಿಗೆ ನಾವು ಕೇಳಿದ್ದು ಅದನ್ನೇ: "ಬಟ್ಟೆಯನ್ನು ನಮ್ಮ ಪರವಾಗಿ ಕೈಯಲ್ಲಿ ಮುಟ್ಟಿ ನೋಡುವವರು ಯಾರು?"

ಅದಕ್ಕೆ ತಕ್ಕವರು ಉಂಟಂತೆ. ಅಮೆರಿಕದ ವಿಮಾನಯಾನ ಇಲಾಖೆಯ ಸನ್ನದು ಪಡೆದ ಇವರನ್ನು ರಿಗ್ಗರ್ ಎನ್ನುವರು. ಆಪತ್ತಿನ ಕೊಡೆಯನ್ನು ಅಲ್ಲಿ ೧೮೦ ದಿನಗಳಿಗೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಿ, ದಾರ ಕಟ್ಟಿ, ತಮ್ಮ ಗುರುತನ್ನೊತ್ತಿದ ಸೀಸದ ಮುದ್ರೆ ಹಾಕಿ, ಚೀಟಿಯಲ್ಲಿ ಸಹಿಮಾಡುವವರು ಇವರೇ. ನಮ್ಮ ಖಜಾನೆಯ ಚೀಲಗಳ ಅರಗಿನ ಮುದ್ರೆ ನೆನಪಾಗಿ ಆ ಜನದ ಮೇಲೆ ನಮಗೆ ಗೌರವ ಹುಟ್ಟಿತು. ಪ್ಯಾರಾಚೂಟಿನ ಕಾರ್ಖಾನೆಗಳಿಗೆ ಹೆಸರಾದ ಡೀಲ್ಯಾಂಡ್ ಎಂಬ ಊರು ಮಾರುವವನ ಪ್ರಾಂತದಲ್ಲಿಯೇ ಇದ್ದುದರಿಂದ ರಿಗ್ಗರರಿಗೆ ಕೊರತೆಯಿರಲಿಲ್ಲ. ಮಾರುವವನು ಒಬ್ಬರ ಹೆಸರನ್ನು ಸೂಚಿಸಿದನು. ಅವರು ಉತ್ತಮರೇ ಇದ್ದಿರಬಹುದು. ಆದರೆ ಮಾರುವವನು ತೋರಿಸಿದ ವೈದ್ಯನಿಂದ ಹಸುವಿನ ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮಲ್ಲಿಲ್ಲ. ಶಿಕ್ಷಕರ ಪರಿಚಯದವರನ್ನು ಹಿಡಿದು, ಅವರ ಶುಲ್ಕವನ್ನು ನಾವೇ ಕೊಡುವುದೆಂದು ಗೊತ್ತುಮಾಡಿದೆವು.

ಒಪ್ಪಂದ ಹೀಗೆ: ಬೆಲೆ ೩,೮೦೦ ಡಾಲರು. ಹಣ ಮೂರನೆಯವರಾದ ಮಧ್ಯಸ್ಥ ಸಂಸ್ಥೆಯಲ್ಲಿ ತಂಗಿರತಕ್ಕದ್ದು. ಸಜ್ಜು ರಿಗ್ಗರ್ ಬಳಿಗೆ ಹೋಗತಕ್ಕದ್ದು. ಹತ್ತು ದಿನದೊಳಗೆ ಅವರ ವರದಿ ನೋಡಿ ನಾವು ಒಪ್ಪಿದರೆ ಹಣ ಅವನಿಗೆ, ಒಪ್ಪದಿದ್ದರೆ ಸಜ್ಜು ಅವನಿಗೆ. ವಾಪಸಿನ ಸಾಗಣೆ ನಮ್ಮದು. ಎಲ್ಲವೂ ಬರಹದಲ್ಲಿ. ಸುಂಕ ಉಳಿಯಲೆಂದು ಪೆಟ್ಟಿಗೆಯ ಮೇಲೆ "ಉಡುಗೊರೆ, ೧೦೦ ಡಾಲರು" ಎಂದು ಬರೆಯುವೆನೆಂದು ಅವನು ಸದ್ಭಾವದಿಂದಲೇ ಹೇಳಿದನು. ಬೇಡವೆಂದೆವು. ಸುಳ್ಳೆಂಬುದು ಒಂದು, ಪೆಟ್ಟಿಗೆ ಕಳೆದುಹೋದರೆ ವಿಮೆಯವರು ಆ ನೂರನ್ನೇ ತೋರಿಸುವರೆಂಬುದು ಇನ್ನೊಂದು. ಹಾಲೆಂಡಿನಲ್ಲಿ ಬೆಲೆ, ಸಾಗಣೆ, ಸುಂಕ ಮೂರೂ ಕೂಡಿದ್ದರ ಮೇಲೆ ನೂರಕ್ಕೆ ೨೧ರಂತೆ ತೆರಿಗೆಯುಂಟು. ಅದನ್ನು ಮೊದಲೇ ಬೆಲೆಯಲ್ಲಿ ಸೇರಿಸಿ ನೋಡದಿದ್ದರೆ ಅಗ್ಗ ಅಗ್ಗವಲ್ಲ. ಯಂತ್ರದ ಕತ್ತರಿಯಲ್ಲಿ ಅಣುಮಾತ್ರ ಸಿಡಿಮದ್ದು ಇರುವುದರಿಂದ ಅದನ್ನೂ ಸಾಗಿಸುವವರಿಗೆ ಮುಚ್ಚದೆ ಹೇಳಬೇಕು.

ಈ ನಡುವೆ ಮನೆಯಾಕೆ ಚಿತ್ರಗಳನ್ನು ನೋಡುವುದಿಲ್ಲವೆಂದು ಹಟ ಹಿಡಿದಿದ್ದವರು, ಒಂದು ಸಂಜೆ ಕನ್ನಡಕ ಹಾಕಿಕೊಂಡು ಕುಳಿತರು. "ಈ ತೊಡೆಯ ಪಟ್ಟಿ ಮಡಿಕೆಯ ಒಳಗೆ ಕಡು ನೀಲಿ, ಹೊರಗೆ ಬೂದು. ಬಿಸಿಲಿನಲ್ಲಿ ಬಿಟ್ಟಿದ್ದಾರೆ" ಎಂದರು. ರೇಷ್ಮೆಯನ್ನು ಜನ್ಮದಲ್ಲಿ ಬಿಸಿಲಿಗೆ ಹಾಕದ ಹೆಂಗಸಿನ ಕಣ್ಣು ಅದು. ನೈಲಾನಿಗೂ ಬಿಸಿಲೇ ಶತ್ರುವೆಂದು ಮಗಳು ಬೆರಗಾಗಿ ಹೇಳಿದಳು. ಆ ಪ್ರಶ್ನೆಯೂ ರಿಗ್ಗರ್‌ಗೆ ಹೋಯಿತು.

ವರದಿ ಎಂಟನೆಯ ದಿನ ಬಂತು. ಪಟ್ಟಿಯ ಬಣ್ಣ ಹೋಗಿದೆ, ನೇಯ್ಗೆಯೂ ಹೊಲಿಗೆಯೂ ಗಟ್ಟಿಯಾಗಿವೆ. ಯಂತ್ರ ೨೦೧೭ರದು, ಕ್ರಮದಲ್ಲಿದೆ. ಮುಖ್ಯ ಕೊಡೆಯ ಬಟ್ಟೆ ಉತ್ತಮ. ಹುರಿಗಳು ಮಾತ್ರ ಸ್ಪೆಕ್ಟ್ರಾ ನೂಲಿನವು. ಕೊಡೆ ಬಿಚ್ಚುವಾಗಿನ ಉಜ್ಜಾಟದ ಕಾವಿಗೆ ಆ ನೂಲು ಕುಗ್ಗುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಪಕ್ಕದವು ಗಿಡ್ಡವಾಗಿ ಕೊಡೆಯ ಆಕಾರ ಕೆಡುತ್ತದೆ. ಆದ್ದರಿಂದ ಹುರಿಗಳನ್ನೆಲ್ಲ ಬದಲಿಸಬೇಕು. ಇದು ನಿರೀಕ್ಷಿಸಿದ್ದೇ.

ನಿರೀಕ್ಷಿಸದೆ ಇದ್ದದ್ದು ಆಪತ್ತಿನ ಕೊಡೆಯದು. ಅದರ ಚೀಟಿಯನ್ನು ನಾವೇ ಓದಿದ್ದೆವು. ೨೦೦೬ರ ತಯಾರಿಕೆ, ಏಳು ಸಲ ಮಡಿಸಿದ ಏಳು ಸಹಿ, ಒಂದೂ ತಿದ್ದುಪಡಿಯಿಲ್ಲ. ಬ್ಯಾಂಕಿನಲ್ಲಾದರೆ ಕಣ್ಣು ಮುಚ್ಚಿ ಪಾಸು ಮಾಡತಕ್ಕ ಕಾಗದ. ಆದರೆ ಆ ಕೊಡೆಯನ್ನು ಮಾಡುವ ಪರ್ಫಾರ್ಮೆನ್ಸ್ ಡಿಸೈನ್ಸ್ ಎಂಬ ಕಾರ್ಖಾನೆಯವರು ಬಟ್ಟೆಯ ಮೇಲೆಯೇ ಸಣ್ಣ ಚೌಕಗಳನ್ನು ಅಚ್ಚುಮಾಡಿರುತ್ತಾರೆ. ಮಡಿಸಿದ ಒಂದೊಂದು ಸಲಕ್ಕೂ ಒಂದು ಗುರುತು, ಬಿಚ್ಚಿದ ಒಂದೊಂದು ಸಲಕ್ಕೂ ಇನ್ನೊಂದು ಸಾಲಿನಲ್ಲಿ ಒಂದು ಗುರುತು. ನಲವತ್ತು ಮಡಿಕೆ ಅಥವಾ ಇಪ್ಪತ್ತೈದು ಬಿಚ್ಚುಗಳಾದರೆ ಕೊಡೆ ಪರೀಕ್ಷೆಗೆ ಕಾರ್ಖಾನೆಗೆ ಹಿಂತಿರುಗಬೇಕು. ಬಟ್ಟೆಯ ಮೇಲೆ ಮೂವತ್ತಾರು ಗುರುತುಗಳಿದ್ದುವು. ಹಳೆಯ ಚೀಟಿ ತುಂಬಿ ಎಲ್ಲಿಯೋ ಕಳೆದು, ನಾವು ಓದಿದ್ದು ಹೊಸ ಚೀಟಿ. ಹದಿನೆಂಟು ವರ್ಷದ ಕೊಡೆಗೆ ಆರಾರು ತಿಂಗಳಿಗೊಂದು ಮಡಿಕೆಯೆಂದರೆ ಎಷ್ಟಾಗಬೇಕೆಂಬ ಗುಣಾಕಾರವನ್ನು ಇಪ್ಪತ್ತೆಂಟು ವರ್ಷದ ಲೆಕ್ಕಿಗರಾದ ನಾವು ಮಾಡಿರಲಿಲ್ಲ. ಚೊಕ್ಕಟವಾದ ಕಾಗದ ಮನುಷ್ಯನನ್ನು ಹಾಗೆ ಮಲಗಿಸಿಬಿಡುತ್ತದೆ.

ಇನ್ನೊಂದು ಸಾಲಿನಲ್ಲಿ, ಬಿಚ್ಚಿದ ಲೆಕ್ಕದಲ್ಲಿ, ಒಂದು ಗುರುತಿತ್ತು.

ಮಾರುವವನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಕೊಂಡದ್ದೂ ಇನ್ನೊಬ್ಬರಿಂದಲೇ. ರಿಗ್ಗರರು ಮಡಿಸಿ ಕೊಟ್ಟದ್ದನ್ನು ಬೆನ್ನಿಗೇರಿಸಿದ್ದನೇ ವಿನಾ ಬಟ್ಟೆಯನ್ನು ತಾನಾಗಿ ನೋಡಿದವನಲ್ಲ. ಆ ಒಂದು ಗುರುತಿನ ಚಿತ್ರವನ್ನು ಕಂಡು ಅವನು ಮಗಳಿಗೆ ಬರೆದ ಪತ್ರದಲ್ಲಿ ವ್ಯಾಪಾರದ ಮಾತು ಕಡಿಮೆ. ಯಾರೋ ಒಬ್ಬರು ಇದರ ಕೆಳಗೆ ನೇತಾಡಿಕೊಂಡು ಜೀವಸಹಿತ ನೆಲಕ್ಕೆ ಬಂದಿದ್ದಾರೆಂಬುದನ್ನು ತಾನು ಇಷ್ಟು ದಿನ ಅರಿಯದೆ ಹೊತ್ತು ತಿರುಗಿದೆನೆಂದು ಬರೆದಿದ್ದನು. ಆ ಕೊಡೆಯನ್ನು ತಾನೇ ಇಟ್ಟುಕೊಂಡು ಕಾರ್ಖಾನೆಗೆ ಪರೀಕ್ಷೆಗೆ ಕಳುಹಿಸುವುದಾಗಿಯೂ, ಅದರ ಬೆಲೆಯನ್ನೂ ಹುರಿಯ ಖರ್ಚನ್ನೂ ಕಳೆಯುವುದಾಗಿಯೂ ಒಪ್ಪಿದನು. ಕಾಣದ ಊರಿನ ಆ ಮನುಷ್ಯನ ಬಗ್ಗೆ ನಾವು ಇಟ್ಟುಕೊಂಡಿದ್ದ ಸಂಶಯದ ಬಹುಭಾಗವನ್ನು ಅಂದು ಹಿಂತೆಗೆದುಕೊಂಡೆವು.

ಈಗ ಆಪತ್ತಿನ ಕೊಡೆ ಇಲ್ಲದ ಸಜ್ಜಾಯಿತು. ಇನ್ನೊಂದು ಹಳೆಯದನ್ನು ಹುಡುಕುವುದಾಗಿ ಮಗಳು ಹೇಳುತ್ತಿರುವಾಗಲೇ ಮನೆಯಾಕೆ ಎದ್ದುಹೋಗಿ ಬೀರುವಿನಿಂದ ಅಂಚೆಯ ಕಛೇರಿಯ ಉಳಿತಾಯದ ಪುಸ್ತಕವನ್ನು ತಂದು ನಮ್ಮ ಮುಂದೆ ಇಟ್ಟರು. "ಮಿಕ್ಕದ್ದೆಲ್ಲ ಹಳೆಯದಿರಲಿ. ಅದೊಂದು ಹೊಸದಾಗಲಿ" ಎಂದರು. ಹಾರಬೇಡವೆಂದು ಆಕೆ ಹೇಳಲಿಲ್ಲ. ಹಾರು ಎಂದೂ ಹೇಳಲಿಲ್ಲ. ಪುಸ್ತಕದಲ್ಲಿದ್ದುದು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ; ಹೊಸ ಆಪತ್ತಿನ ಕೊಡೆಗೆ ಹೆಚ್ಚುಕಡಿಮೆ ಅಷ್ಟೇ ಬಿತ್ತು.

೨೦೨೫ರ ಮಾರ್ಚಿಯಲ್ಲಿ ಹಾಲೆಂಡಿನ ರಿಗ್ಗರ್ ಒಬ್ಬರು ಹೊಸ ಕೊಡೆಯನ್ನು ಚೀಲದೊಳಗೆ ಮಡಿಸಿ ಮುದ್ರೆ ಹಾಕುವ ಮುಂಚೆ, ಮಗಳು ಅದರ ಚಿತ್ರವೊಂದನ್ನು ಕಳುಹಿಸಿದಳು. ಬಿಳಿಯ ಬಟ್ಟೆ, ಸಾಲು ಸಾಲಾಗಿ ಚೌಕಗಳು, ಮೊದಲನೆಯದರಲ್ಲಿ ಮಾತ್ರ ಮಸಿಯ ಗುರುತು. ಮನೆಯಾಕೆ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದರು.

"ಈ ಇನ್ನೊಂದು ಸಾಲು ಯಾತರದು?"

"ಬಿಚ್ಚಿದ ಲೆಕ್ಕದ್ದು, ಅಮ್ಮಾ."

"ಅದು ಹಾಗೆಯೇ ಇರಲಿ" ಎಂದು ಹೇಳಿ ಫೋನನ್ನು ನಮ್ಮ ಕೈಗೆ ಕೊಟ್ಟು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಕ್ಕೆ ಹೋದರು.