ಕೌಂಟರಿನ ಹಿಂದಿನ ಬೀರು

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೌಂಟರಿನ ಹಿಂದೆ ಒಂದು ಗಾಜಿನ ಬೀರು ಇತ್ತು. ಅದರೊಳಗಿನ ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಿಳಿ ಚೀಟಿ, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಹೊರಗೆ ಕೊಡತಕ್ಕದ್ದಲ್ಲ’. ಒಂದು ಪುಸ್ತಕ ಹೊಸಿಲು ದಾಟಿದರೆ ಊರಿಗೆ ಮಳೆ ನಿಂತುಹೋಗುತ್ತದೇನೋ ಎಂಬಂತೆ ನಮ್ಮ ಲೈಬ್ರೇರಿಯನ್ ರಾಯರು ಅದರ ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಆದರೆ ಆ ಬೀರುವಿಗೆ ಪುಸ್ತಕ ತುಂಬಿಸಿದವರಲ್ಲಿ ನಾನೂ ಒಬ್ಬಳು.

1988ರ ಮಾತು. ನಾನು ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಕೊನೆಯ ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡವರು 41 ಜನ, ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯ ಪ್ರತಿಗಳು ಎರಡು. ರಸ, ಧ್ವನಿ ಎಂದು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಆ ಪುಸ್ತಕ ಓದದೆ ವಿಷಯ ತಲೆಗೆ ಇಳಿಯುವಂಥದಲ್ಲ. ಊರಿನ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ. ಜೆರಾಕ್ಸ್ ಎಂದರೆ ಬಸ್‌ಸ್ಟ್ಯಾಂಡಿನ ಬಳಿ ಒಂದೇ ಒಂದು ಮೆಷಿನ್ನು, ಪುಟಕ್ಕೆ ಒಂದು ರೂಪಾಯಿ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯವನ ಮೇಲೆ ದೊಡ್ಡ ದೊಡ್ಡ ಪ್ರಕಾಶಕರು ಹೂಡಿದ್ದ ದಾವೆ 2016ರಲ್ಲಿ ಹೈಕೋರ್ಟಿನಲ್ಲಿ ವಜಾ ಆಯಿತೆಂದು ಪೇಪರಿನಲ್ಲಿ ಓದಿದಾಗ, ಪಾಠಕ್ಕೆಂದು ಪುಟಗಳ ನಕಲು ತೆಗೆಯುವುದು ತಪ್ಪಲ್ಲವೆಂಬ ಸಮಾಧಾನಕ್ಕಿಂತ ಆ ಒಂದು ರೂಪಾಯಿಯೇ ನೆನಪಾಯಿತು ನನಗೆ. ಕಾನೂನು ಒಪ್ಪಿದ್ದರೂ ನಮ್ಮ ಹುಡುಗಿಯರ ಕೈಯಲ್ಲಿ ಅಷ್ಟು ದುಡ್ಡೆಲ್ಲಿತ್ತು?

ಹಾಗಾಗಿ ಎರಡು ಪ್ರತಿಯನ್ನೂ ರಿಸರ್ವ್ ಮಾಡಿಸಿದೆ. ಮೇಡಂ ಪಟ್ಟಿ ಕೊಡಬೇಕು. ರಾಯರು ಪುಸ್ತಕವನ್ನು ಸಾಲಿನಿಂದ ತೆಗೆದು ಬೀರುವಿಗೆ ಸೇರಿಸಬೇಕು. ಹುಡುಗಿ ಐಡೆಂಟಿಟಿ ಕಾರ್ಡು ಒತ್ತೆಯಿಟ್ಟು ಎರಡು ಗಂಟೆ ಅಲ್ಲೇ ಮೇಜಿನ ಮುಂದೆ ಕೂತು ಓದಿ ಹಿಂತಿರುಗಿಸಬೇಕು. ಯಾರೋ ಒಬ್ಬಳು ಮನೆಗೆ ಒಯ್ದು ತಿಂಗಳಾನುಗಟ್ಟಲೆ ಇಟ್ಟುಕೊಳ್ಳುವ ಹಾಗಿಲ್ಲ. ಎಲ್ಲರಿಗೂ ಸಮಾನ ಅವಕಾಶ. ಒಳ್ಳೆಯ ಕೆಲಸ ಮಾಡಿದೆನೆಂದು ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಒಂದು ಸಂಜೆ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ತೆಳ್ಳನೆಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

‘‘ಮೇಡಂ, ಶನಿವಾರ ಒಂದಿನ ಆ ಪುಸ್ತಕ ಮನೆಗೆ ತಗೊಂಡು ಹೋಗ್ಲಾ? ಸೋಮವಾರ ತಂದ್ಬಿಡ್ತೀನಿ.’’

‘‘ನಿನಗೊಬ್ಬಳಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತಲ್ಲಮ್ಮ.’’

‘‘ಆಗ್ಲಿ ಮೇಡಂ’’ ಎಂದು ಹೋದಳು. ವಾದ ಮಾಡಿದ್ದರೆ ಚೆನ್ನಾಗಿತ್ತು.

ತಿಂಗಳ ಕೊನೆಗೆ ಬೇರೆ ಯಾವುದಕ್ಕೋ ರಾಯರ ರಿಜಿಸ್ಟರು ತಿರುವಿ ಹಾಕುತ್ತಿದ್ದೆ. ಕಾವ್ಯಮೀಮಾಂಸೆಯ ಎದುರಿಗೆ ಸಾಲುಸಾಲು ಹೆಸರುಗಳು. ಹಿಗ್ಗಿ ಎಣಿಸಿದೆ. ಒಂಬತ್ತೇ ಹೆಸರು, ಮತ್ತೆ ಮತ್ತೆ ಅವೇ. ಒಂಬತ್ತೂ ಪೇಟೆಯ ಹುಡುಗಿಯರು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬಳ ಹೆಸರೂ ಇಲ್ಲ. ಇರುವುದಾದರೂ ಹೇಗೆ? ಬಸ್ಸು ಬರುವುದು ಹತ್ತೂಕಾಲಿಗೆ, ಮೊದಲ ಕ್ಲಾಸು ಹತ್ತೂವರೆಗೆ. ಕೊನೆಯ ಕ್ಲಾಸು ಬಿಡುವುದು ಮೂರೂವರೆಗೆ, ಆ ಕಡೆಯ ಕೊನೆಯ ಬಸ್ಸು ನಾಲ್ಕೂಕಾಲಿಗೆ. ಎರಡು ಗಂಟೆ ಎಲ್ಲಿಂದ ತರಬೇಕಿತ್ತು ಅವರು? ವರ್ಷಕ್ಕೆರಡು ಸಲ ಅದೇ ಬಸ್‌ಸ್ಟ್ಯಾಂಡಿನಿಂದ ತವರಿಗೆ ಹೋಗುತ್ತಿದ್ದ ನನಗೆ ಇದು ಹೊಳೆಯಲಿಲ್ಲವಲ್ಲ!

ರಾಯರಿಗೆ ಹೇಳಿದೆ. ಅವರು ಬೀಗದಕೈ ಮುಟ್ಟಿ ನೋಡಿಕೊಂಡರು. ನಾನೂ ಬಿಡಲಿಲ್ಲ. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಯ ವಿಷಯ. ಹಿಂದೆ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದ ಕಥೆಯನ್ನು ಅವರು ಹೇಳುವುದು ಅದಕ್ಕಾಗಿಯೇ. ರಾಯರು ಅದನ್ನು ಓದಿ ಪಾಸಾದವರು. ‘‘ಪರೀಕ್ಷೆಗೆ ಓದಿದ್ದು ಬೇರೆ ಮೇಡಂ, ಆಡಿಟ್‌ನಲ್ಲಿ ಕೇಳೋದು ಬೇರೆ’’ ಎಂದರು. ಕಡೆಗೆ, ಪುಸ್ತಕ ಕಳೆದರೆ ನನ್ನ ಸಂಬಳದಿಂದ ಹಿಡಿದುಕೊಳ್ಳಬಹುದೆಂದು ಬರೆದುಕೊಟ್ಟೆ. ಸಂಜೆ ನಾಲ್ಕಕ್ಕೆ ಒಂದು ಪ್ರತಿ ಬಸ್ಸಿನ ಹುಡುಗಿಯರಿಗೆ, ಸರದಿಯ ಮೇಲೆ. ಮಾರನೆಯ ಬೆಳಿಗ್ಗೆ ಹತ್ತೂವರೆಗೆ ವಾಪಸು. ತಪ್ಪಿದರೆ ದಿನಕ್ಕೆ ಒಂದು ರೂಪಾಯಿ ಫೈನು. ಆ ಫೈನು ರಾಯರ ಸಮಾಧಾನಕ್ಕೆ.

ಮೂರು ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಬುಧವಾರ ಹೋದ ಪುಸ್ತಕ ಗುರುವಾರ ಬರಲಿಲ್ಲ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಹುಡುಗಿಯೂ ಇಲ್ಲ. ಅದೇ ತೆಳ್ಳನೆಯ ಹುಡುಗಿ. ರಾಯರು ಏನೂ ಅನ್ನಲಿಲ್ಲ; ಅನ್ನದೆ ಇದ್ದದ್ದೇ ಕಷ್ಟವಾಯಿತು. ಭಾನುವಾರ ಬಸ್ಸು ಹತ್ತಿದೆ.

‘‘ಬನ್ನಿ ಮೇಷ್ಟ್ರಮ್ಮ, ಕುಂತ್ಕಳಿ’’ ಎಂದು ಅವಳ ತಾಯಿ ಚಾಪೆ ಹಾಸಿದರು. ಬೆಲ್ಲದ ಕಾಫಿ ಬಂತು. ಮನೆಯ ಮುಂದೆ ಚಪ್ಪರಕ್ಕೆ ಗಳ ಇಳಿಸುತ್ತಿದ್ದರು. ಕೇಳಬೇಕಾದ್ದೇ ಇರಲಿಲ್ಲ. ಹುಡುಗಿ ದೇವರ ಗೂಡಿನ ಪಕ್ಕದಿಂದ, ಮಡಿಸಿದ ಪಂಚೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕ ತಂದುಕೊಟ್ಟಳು. ಜೊತೆಗೆ ಒಂದು ಲಾಂಗ್ ನೋಟ್‌ಬುಕ್ಕು. ಧ್ವನಿಯ ಭಾಗವನ್ನು ತನ್ನ ಸರದಿಯ ರಾತ್ರಿಗಳಲ್ಲಿ ಪೂರ್ತಿ ಕೈಯಲ್ಲಿ ಇಳಿಸಿಕೊಂಡಿದ್ದಳು. ‘‘ಬಸ್ಸಿನವರಿಗೆ ಕೊಡಿ ಮೇಡಂ, ಅವರಿಗೆ ಬೇಕಾಗುತ್ತೆ.’’

ಆಮೇಲೆ ಕೇಳಿದಳು: ‘‘ಫೈನ್ ಎಷ್ಟಾಯ್ತು ಮೇಡಂ?’’

ಗುರುವಾರ, ಶುಕ್ರವಾರ, ಶನಿವಾರ. ಭಾನುವಾರ ರಜ ಬಿಟ್ಟು ಮೂರು ರೂಪಾಯಿ. ಹಾಗೆಂದು ನಾನು ಲೆಕ್ಕ ಹಾಕಿ ಹೇಳಿದೆ, ಅವಳು ಒಳಗಿನಿಂದ ತಂದು ಕೊಟ್ಟಳು, ನಾನು ಪರ್ಸಿಗೆ ಹಾಕಿಕೊಂಡೆ. ಪರೀಕ್ಷೆಗೆ ಇನ್ನು ಆರು ವಾರವಿತ್ತು. ಮದುವೆಯಾದ ಮೇಲೂ ಬಂದು ಬರೆಯಲಿ ಎಂದು ಅವಳ ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು. ಅವರು ಅಲ್ಲೇ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನಗೆ ಮರಳುವ ಬಸ್ಸಿನ ಯೋಚನೆ, ಬಗಲಲ್ಲಿದ್ದ ಪುಸ್ತಕದ ಯೋಚನೆ. ಅವಳು ಪರೀಕ್ಷೆಗೆ ಬರಲಿಲ್ಲ.

ನೋಟ್‌ಬುಕ್ಕು ಬಸ್ಸಿನಲ್ಲಿ ಕೈಯಿಂದ ಕೈಗೆ ಓಡಾಡಿ, ಹೊಲಿಗೆ ಬಿಚ್ಚಿ, ಮುಂದಿನ ವರ್ಷ ಲೈಬ್ರರಿಗೆ ಬಂತು. ರಾಯರೇ ಅದಕ್ಕೆ ದಾರ ಹಾಕಿ, ಕಂದು ಕಾಗದ ಹೊದಿಸಿ, ಬೀರುವಿನಲ್ಲಿ ಇಟ್ಟುಕೊಂಡರು. ಅಚ್ಚಾದ ಪುಸ್ತಕವಲ್ಲದ್ದಕ್ಕೆ ರಿಜಿಸ್ಟರಿನಲ್ಲಿ ಜಾಗವಿಲ್ಲ ಎಂದು ಗೊಣಗುತ್ತಲೇ ಕೆಂಪು ಶಾಯಿಯ ಚೀಟಿಯನ್ನೂ ಅಂಟಿಸಿದರು.

ಮೂರು ರೂಪಾಯಿಯ ರಸೀತಿಯನ್ನು ಸೋಮವಾರವೇ ಹರಿದುಕೊಟ್ಟಿದ್ದರು. ಅವಳ ಊರಿನ ಹುಡುಗಿಯರ ಕೈಯಲ್ಲಿ ಕಳಿಸೋಣವೆಂದು ಡೈರಿಯಲ್ಲಿ ಇಟ್ಟುಕೊಂಡೆ. ಅಷ್ಟರಲ್ಲಿ ಮದುವೆ ಮುಗಿದಿತ್ತು. ಗಂಡನ ಊರು ಯಾವುದೆಂದು ನಾನು ಯಾರನ್ನೂ ಕೇಳಿರಲಿಲ್ಲ.